ಗೆಳೆಯನಿಗೊಂದು ಪತ್ರ: ಅಜ್ಜಿಯ ಮಳೆಗಳು, ಮೊಮ್ಮಕ್ಕಳ ಚುಕ್ಕಿಗಳು

ಗೌರಿಬಿದನೂರು

ಪ್ರಿಯ ಗೆಳೆಯ,

ಮಕ್ಕಳಿಗೆ ಟೆಲಿಸ್ಕೋಪ್ ಕೊಡಿಸಲೇ ಎಂದು ಕೇಳಿದ್ದೀಯ. ಈಗಲೇ ಬೇಡ. ಐದು ವರ್ಷದ ಮಗುವಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಮಸೂರದ ಮುಂದೆ ನಿಲ್ಲಿಸುವುದೇ ದೊಡ್ಡ ಕೆಲಸ. ಅಷ್ಟರಲ್ಲಿ ಭೂಮಿ ತಿರುಗಿ, ನೀನು ಹಿಡಿದಿಟ್ಟ ಚಂದ್ರ ಆಚೆ ಸರಿದಿರುತ್ತಾನೆ. ಮೊದಲು ಬರಿಗಣ್ಣಿನಲ್ಲಿ ನೋಡಲಿ, ಬೈನಾಕ್ಯುಲರ್ ಆಮೇಲೆ ಬರಲಿ. ಇವೆರಡಕ್ಕೂ ಮೊದಲು ನಿಮ್ಮ ಅಮ್ಮನನ್ನು ಮಹಡಿಗೆ ಕರೆದುಕೊಂಡು ಬಾ.

ಅವರಿಗೆ ಮಳೆಗಳ ಹೆಸರೆಲ್ಲ ಬಾಯಿಪಾಠ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಈ ಮಳೆಗಳ ಹೆಸರಿನ ಚುಕ್ಕಿಗಳು ಮೇಲೆ ನಿಜವಾಗಿಯೂ ಇವೆ, ಅದೂ ಇದೇ ಕ್ರಮದಲ್ಲಿ. ಸಂಕ್ರಾಂತಿ ಕಳೆದು ಒಂದೆರಡು ವಾರಕ್ಕೆ ರಾತ್ರಿ ಎಂಟು ಗಂಟೆಗೆ ಅಂಗಾತ ಮಲಗಿದರೆ ಕೃತ್ತಿಕೆ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತದೆ. ಅಲ್ಲಿಂದ ಪೂರ್ವಕ್ಕೆ ಇಳಿದರೆ ಕೆಂಪು ಛಾಯೆಯ ರೋಹಿಣಿ, ಬೇಟೆಗಾರನ ಆಕಾರದ ನಕ್ಷತ್ರಪುಂಜವಾದ ಮಹಾವ್ಯಾಧನ (ಓರಿಯನ್) ತಲೆಯ ಜಾಗದಲ್ಲಿ ಒತ್ತೊತ್ತಾಗಿರುವ ಮೂರು ಮಂಕು ಚುಕ್ಕಿಗಳ ಮೃಗಶಿರ, ಅವನ ಭುಜದಲ್ಲಿ ಮತ್ತೊಂದು ಕೆಂಪು ಚುಕ್ಕಿಯಾದ ಆರಿದ್ರ, ಇನ್ನೂ ಕೆಳಗೆ ಜೋಡಿ ಚುಕ್ಕಿಗಳ ಪುನರ್ವಸು. ಅಜ್ಜಿ ಒಂದೊಂದೇ ಹೆಸರು ಹೇಳಲಿ, ಮೊಮ್ಮಕ್ಕಳು ಬೆರಳು ತೋರಿಸುತ್ತ ಹೋಗಲಿ. ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ.

ಆರಿದ್ರ ಮಳೆ ಬರುವುದು ಜೂನ್ ಕೊನೆಗೆ, ಚುಕ್ಕಿ ಕಾಣುವುದು ಚಳಿಗಾಲದಲ್ಲಿ. ಇದೇಕೆ ಹೀಗೆ ಎಂದು ದೊಡ್ಡವನು ಖಂಡಿತ ಕೇಳುತ್ತಾನೆ. ಕೇಳದಿದ್ದರೆ ನೀನೇ ಕೇಳು. ಭೂಮಿ ಸೂರ್ಯನನ್ನು ಸುತ್ತುವುದರಿಂದ, ವರ್ಷವಿಡೀ ಸೂರ್ಯ 27 ನಕ್ಷತ್ರಗಳ ಮುಂದೆ ಹಾದುಹೋಗುವಂತೆ ನಮಗೆ ತೋರುತ್ತದೆ. ಒಂದೊಂದರ ಬಳಿ 13–14 ದಿನ. ಅವನು ಆರಿದ್ರದ ದಿಕ್ಕಿನಲ್ಲಿರುವ ದಿನಗಳ ಮಳೆಯೇ ಆರಿದ್ರ ಮಳೆ. ಆಗ ಆ ಚುಕ್ಕಿ ಅವನ ಜೊತೆಯಲ್ಲೇ ಹುಟ್ಟಿ, ಜೊತೆಯಲ್ಲೇ ಮುಳುಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳಲ್ಲಿ ನಾವು ಸೂರ್ಯನ ಇನ್ನೊಂದು ಬದಿಗೆ ಬಂದಿರುತ್ತೇವೆ. ಅದೇ ಚುಕ್ಕಿ ಸಂಜೆಗೆ ಪೂರ್ವದಲ್ಲಿ ಮೇಲೇರುತ್ತದೆ. ಅಂಗಳದಲ್ಲಿ ಲಾಂದ್ರವೊಂದನ್ನು ಇಟ್ಟು, ಮಗನನ್ನೇ ಭೂಮಿಯಾಗಿಸಿ ಅದರ ಸುತ್ತ ನಡೆಸು. ಬಾಯಿಮಾತಿಗಿಂತ ಬೇಗ ಅರ್ಥವಾಗುತ್ತದೆ.

ಚಿಕ್ಕವಳಿಗೆ ಇದೆಲ್ಲ ಬೇಡ. ಅವಳಿಗೆ ಕೃತ್ತಿಕೆ ಸಾಕು. ಷಣ್ಮುಖನಿಗೆ ಹಾಲೂಡಿಸಿದ ಆರು ತಾಯಂದಿರ ಕಥೆ ಹೇಳಿ, ಎಷ್ಟು ಚುಕ್ಕಿ ಕಾಣುತ್ತವೆ ಎಂದು ಎಣಿಸಲು ಬಿಡು. ಘಾಟಿ ಸುಬ್ರಹ್ಮಣ್ಯನ ಗುಡಿಗೆ ಹೋಗಿಬಂದ ಮಗು, ಷಣ್ಮುಖ ಯಾರೆಂದು ಹೇಳಿಕೊಡಬೇಕಾಗಿಲ್ಲ. ಬರಿಗಣ್ಣಿಗೆ ಸಾಮಾನ್ಯವಾಗಿ ಆರು ಕಾಣುತ್ತವೆ. ಆಮೇಲೆ ಬೈನಾಕ್ಯುಲರ್ ಕೊಡು; ಆ ಪುಟ್ಟ ಗೊಂಚಲಿನಲ್ಲಿ ಹತ್ತಾರು ಚುಕ್ಕಿಗಳು ಒಮ್ಮೆಗೇ ಕಂಡಾಗ ಮಕ್ಕಳು ಕೂಗುವ ಕೂಗನ್ನು ನೀನು ಕೇಳಬೇಕು.

ದೂರದ ಲೆಕ್ಕವನ್ನು ದೊಡ್ಡವನಿಗೆ ಮಾತ್ರ ಹೇಳು, ಅದೂ ಒಂದೇ ಒಂದು. ಆಗ್ನೇಯದಲ್ಲಿ ಎಲ್ಲಕ್ಕಿಂತ ಹೊಳೆಯುವ ಲುಬ್ಧಕ (ಸಿರಿಯಸ್) ನಕ್ಷತ್ರದಿಂದ ಬೆಳಕು ನಮ್ಮನ್ನು ಮುಟ್ಟಲು ಸುಮಾರು ಎಂಟೂವರೆ ವರ್ಷ ಬೇಕು. ಅವನಿಗೂ ಈಗ ಹತ್ತಿರಹತ್ತಿರ ಅಷ್ಟೇ ವಯಸ್ಸು. ಅವನು ಹುಟ್ಟಿದ ಕಾಲಕ್ಕೆ ಹೊರಟ ಬೆಳಕು ಈಗ ಅವನ ಕಣ್ಣು ಸೇರುತ್ತಿದೆ. ಕೋಟಿಗಟ್ಟಲೆ ಕಿಲೋಮೀಟರ್ ಎಂದರೆ ಅದು ಬರಿಯ ಅಂಕಿ, ಇದು ಹಾಗಲ್ಲ.

ಉತ್ತರದಲ್ಲಿ ಧ್ರುವ ನಕ್ಷತ್ರ ಹುಡುಕಿಸು. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಮಗುವಿನ ಮುಷ್ಟಿ ಚಿಕ್ಕದಾದರೂ ತೋಳೂ ಗಿಡ್ಡ, ಆದ್ದರಿಂದ ಲೆಕ್ಕ ತಪ್ಪುವುದಿಲ್ಲ. ನಮ್ಮ ಊರು ಹದಿಮೂರೂವರೆ ಡಿಗ್ರಿ ಅಕ್ಷಾಂಶದಲ್ಲಿದೆ. ಧ್ರುವವೂ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಒಂದು ಮುಷ್ಟಿಗಿಂತ ತುಸು ಮೇಲೆ ಇರುತ್ತದೆ. ಬೆಟ್ಟ ಅಡ್ಡ ಬರದ ಜಾಗ ನೋಡಿಕೊಳ್ಳಬೇಕು ಅಷ್ಟೆ.

‘ನನ್ನ ನಕ್ಷತ್ರ ಯಾವುದು?’ ಎಂಬ ಪ್ರಶ್ನೆಯೂ ಬರುತ್ತದೆ, ಅಜ್ಜಿಯ ಎದುರಿಗೇ ಬರುತ್ತದೆ. ಹುಟ್ಟಿದ ಹೊತ್ತಿನಲ್ಲಿ ಚಂದ್ರ ಯಾವ ನಕ್ಷತ್ರದ ಬಳಿ ಇದ್ದನೋ ಅದು ಎಂದು ಹೇಳಿ, ಆ ಚುಕ್ಕಿಯನ್ನೇ ತೋರಿಸು. 27 ದಿನಗಳಿಗೊಮ್ಮೆ ಚಂದ್ರ ಮತ್ತೆ ಅಲ್ಲಿಗೆ ಬರುವುದನ್ನು ಅವರೇ ಕಾದು ನೋಡಲಿ. ಅಲ್ಲಿಂದ ಮುಂದೆ ಭವಿಷ್ಯದ ಮಾತಿಗೆ ಹೋಗಬೇಡ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಶಿಕ್ಷಣತಜ್ಞ, ವಿಚಾರವಾದಿ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನೇ ಜೀವಮಾನವಿಡೀ ಕಲಿಸಿದರು. ಮಕ್ಕಳ ಪ್ರಶ್ನೆಗೆ ಕಣ್ಣಿಗೆ ಕಾಣುವ ಉತ್ತರ ಇರುವಾಗ ಬೇರೆಯದನ್ನು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಬೆಂಗಳೂರಿನ ನಿಮ್ಮ ಮಹಡಿಯಿಂದ ಮೃಗಶಿರ ಕಾಣುವುದು ಅನುಮಾನ. ಇಲ್ಲಿಗೇ ಬನ್ನಿ. ದಕ್ಷಿಣದ ಅಂಚಿನಲ್ಲಿ ನಿಮ್ಮ ನಗರದ ಬೆಳಕಿನ ಮಬ್ಬು ಇಲ್ಲಿಗೂ ಇಣುಕುತ್ತದೆ, ಆದರೂ ಅಗಸ್ತ್ಯ ನಕ್ಷತ್ರ ಅದನ್ನು ದಾಟಿ ಹೊಳೆಯುತ್ತದೆ. ಅಮಾವಾಸ್ಯೆಯ ಆಸುಪಾಸಿನ ಶನಿವಾರ ಆರಿಸಿಕೋ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು, ಹಾಗಾಗಿ ಮೊಬೈಲ್‌ಗಳೆಲ್ಲ ಒಳಗಿರಲಿ. ಟಾರ್ಚಿಗೆ ನಾನು ಕೆಂಪು ಕಾಗದ ಸುತ್ತಿಡುತ್ತೇನೆ. ಚಾಪೆ, ಬೈನಾಕ್ಯುಲರ್ ನನ್ನ ಬಳಿ ಇವೆ. ಮಕ್ಕಳಿಗೆ ಟೋಪಿ, ಸ್ವೆಟರ್, ಅಮ್ಮನಿಗೆ ದಪ್ಪನೆಯ ಶಾಲು ತಾ. ಯಾವ ಶನಿವಾರ ಎಂದು ಮೊದಲೇ ತಿಳಿಸಿದರೆ ಅವರೆಕಾಯಿ ತರಿಸಿಡುತ್ತೇನೆ.

ನಿನ್ನ ಗೆಳೆಯ