ಕುಮಟಾದಿಂದ ಗೋಕರ್ಣಕ್ಕೆ ದಂಡೆಯ ನಡಿಗೆ: ನೆರವಾದವರಿಗೆಲ್ಲ ನಮಸ್ಕಾರ

ಕುಮಟಾದಿಂದ ಗೋಕರ್ಣಕ್ಕೆ ಕಡಲ ದಂಡೆ ಹಿಡಿದು ನಡೆದು ಮುಟ್ಟಿದೆವು. ಅರವತ್ತು ದಾಟಿದ ಗಂಡ ಹೆಂಡತಿಗೆ ಇದು ಸಾಧ್ಯವಾದದ್ದು ಕಡಲನ್ನು ಬಲ್ಲವರು, ಮೊಣಕಾಲನ್ನು ಬಲ್ಲವರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ. ಅವರಿಗೆ ಕೃತಜ್ಞತೆ ಹೇಳುವಾಗ ಅವರು ಕಲಿಸಿದ್ದನ್ನೂ ಬರೆದಿಟ್ಟರೆ ನಮ್ಮ ವಯಸ್ಸಿನ ಇನ್ನಷ್ಟು ಜನ ಧೈರ್ಯ ಮಾಡಿಯಾರು.

ಮೊದಲ ನಮಸ್ಕಾರ ವನ್ನಳ್ಳಿಯ ಮೀನುಗಾರ ಅಣ್ಣಂದಿರಿಗೆ. ಭರತ ಇಳಿತದ ಲೆಕ್ಕವಿಲ್ಲದೆ ಈ ದಂಡೆಗೆ ಇಳಿಯಲೇಬಾರದು. ಒಂದು ಭರತಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಇಳಿತ ನಾಳೆ ಹತ್ತಿರ ಹತ್ತಿರ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಅಷ್ಟಮಿ ಕಳೆದ ಹೊತ್ತಿಗೆ ಆ ವ್ಯತ್ಯಾಸ ಕಡಿಮೆ. ಕಾರವಾರದ ಭರತ ಇಳಿತದ ಪಟ್ಟಿ ನೋಡಿ, ಇಳಿತಕ್ಕೆ ಎರಡು ಗಂಟೆ ಮುಂಚೆ ಹೊರಡಿ. ಇಳಿತ ಕಳೆದು ಒಂದೂವರೆ ಗಂಟೆಯೊಳಗೆ ಬಂಡೆಯ ಮೂಲೆಗಳನ್ನು ದಾಟಿಬಿಡಿ. ತಡವಾಗಿ ಅಲೆ ಬಂಡೆಗೆ ಬಡಿಯತೊಡಗಿದರೆ ನುಗ್ಗಬೇಡಿ. ಗುಡ್ಡದ ಕಾಲುದಾರಿ ಹಿಡಿಯಿರಿ, ಇಲ್ಲವೇ ಕಾಯಿರಿ. ಇಳಿತದಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿಯಾಗಿ, ಸಮತಟ್ಟಾಗಿ ಇರುತ್ತದೆ. ಮೇಲಿನ ಒಣ ಮರಳಲ್ಲಿ ಹೆಜ್ಜೆ ಹೂತು ಮೀನಖಂಡ ಬೇಗ ಸೋಲುತ್ತದೆ.

ಬಂಡೆಯ ವಿಷಯದಲ್ಲೂ ಅವರ ಮಾತೇ ಕೊನೆ ಮಾತು. ಹಸಿರು ಪಾಚಿಯ ಮೇಲೆ ಎಂಥ ಬೂಟೂ ನಿಲ್ಲದು. ಒಣಗಿದ ಕಪ್ಪು ಬಂಡೆ ಕಾಲು ಹಿಡಿಯುತ್ತದೆ, ಆದರೆ ಅದಕ್ಕೆ ಅಂಟಿದ ಚಿಪ್ಪು ಅಂಗೈ ಕೊಯ್ಯುತ್ತದೆ. ಹತ್ತಿಯ ಕೈಗವಸು ಇರಲಿ. ಆಳವಿಲ್ಲದ ನೀರಿಗೆ ಇಳಿದಾಗ ಪಾದ ಎತ್ತಿಡದೆ ಉಜ್ಜಿಕೊಂಡು ನಡೆಯಿರಿ, ಮರಳಲ್ಲಿ ಅಡಗಿದ, ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನು ಸರಿದುಹೋಗುತ್ತದೆ.

ನಮ್ಮ ಫಿಸಿಯೋಥೆರಪಿಸ್ಟ್ ತಂಗಿಗೆ ಎಷ್ಟು ಹೇಳಿದರೂ ಸಾಲದು. ಉತ್ತರಕ್ಕೆ ನಡೆಯುವಾಗ ಕಡಲು ಎಡಕ್ಕೆ, ದಂಡೆಯ ಇಳಿಜಾರೂ ಎಡಕ್ಕೆ. ಎಡಗಾಲು ಗಂಟೆಗಟ್ಟಲೆ ತಗ್ಗಿನಲ್ಲೇ ಊರುತ್ತದೆ. ದಂಡೆಯಲ್ಲಿ ಸೊಂಟ, ಮೊಣಕಾಲು ನೋಯುವುದಕ್ಕೆ ದೂರಕ್ಕಿಂತ ಈ ಓರೆಯೇ ಹೆಚ್ಚು ಕಾರಣ. ಊರುಗೋಲು ಎರಡು ಇರಲಿ. ಎಡಗೈಯದನ್ನು ಬಲಗೈಯದಕ್ಕಿಂತ ಸುಮಾರು 5 ಸೆಂ.ಮೀ. ಉದ್ದ ಮಾಡಿ. ತುದಿಗೆ ಅಗಲದ ಬಿಲ್ಲೆ ಹಾಕದಿದ್ದರೆ ಕೋಲು ಮರಳಿಗೆ ಹೂತುಹೋಗುತ್ತದೆ. ತಿರುಗಿಸಿ ಬಿಗಿಮಾಡುವ ಕೋಲಾದರೆ ಒಳಗೆ ಮರಳು ಹೊಕ್ಕು ಜಾಮ್ ಆಗುತ್ತದೆ, ಆದ್ದರಿಂದ ರಾತ್ರಿ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಒಣಗಿಸಿ ಜೋಡಿಸಿ. ಬೂಟು ಅರ್ಧ ಸೈಜ್ ದೊಡ್ಡದಿರಲಿ, ಬಿಸಿಲಿಗೆ ಪಾದ ಊದುತ್ತದೆ. ಬೊಬ್ಬೆ ಬರುವ ಜಾಗಕ್ಕೆ ಪೇಪರ್ ಟೇಪನ್ನು ಹೊರಡುವ ಮೊದಲೇ ಹಚ್ಚಬೇಕು. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ಕೀಳುವಾಗ ಚರ್ಮವೂ ಬರುತ್ತದೆ.

ಡಾಕ್ಟರಮ್ಮನಿಗೂ ವಂದನೆ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುತ್ತವೆ. ಬಿಸಿಲಲ್ಲಿ ಬೆವರೂ ಸೇರಿದರೆ ಕೂತು ಎದ್ದಾಗ ತಲೆ ಸುತ್ತುತ್ತದೆ. ಹೊರಡುವ ಮೊದಲೇ ಈ ಬಗ್ಗೆ ಕೇಳಿಕೊಳ್ಳಿ, ನೀವಾಗಿಯೇ ಮಾತ್ರೆ ಬಿಡಬೇಡಿ. ಒಬ್ಬರಿಗೆ 3 ಲೀಟರ್ ನೀರು, ಎರಡು ಪೊಟ್ಟಣ ಓಆರ್‌ಎಸ್ ಇರಲಿ.

ಬಾಡ, ಕಾಗಾಲದ ಮನೆಗಳಲ್ಲಿ ಉಳಿಸಿಕೊಂಡ ಅಕ್ಕಂದಿರು ಬೆಳಗಿನ ಜಾವಕ್ಕೇ ಗಂಜಿ ಮಾಡಿ ಬಡಿಸಿದರು. ದೊಡ್ಡ ಚೀಲಗಳನ್ನು ಅವರ ಮಕ್ಕಳು ಮುಂದಿನ ಊರಿಗೆ ಸ್ಕೂಟರಿನಲ್ಲಿ ಮುಟ್ಟಿಸಿದರು. ಬೆನ್ನಿಗೆ 4 ಕೆ.ಜಿ. ಮೀರಬಾರದು ಎಂಬ ನಿಯಮ ಉಳಿದದ್ದು ಈ ಹುಡುಗರಿಂದ. ದಿನಕ್ಕೆ 8 ಕಿ.ಮೀ. ಸಾಕು. ಹನ್ನೊಂದರ ಮೇಲೆ ಮರಳು ಕಾಯುತ್ತದೆ, ಮಧ್ಯಾಹ್ನ ಕಡಲ ಗಾಳಿ ಮರಳನ್ನು ಮುಖಕ್ಕೇ ಎರಚುತ್ತದೆ.

ಅಘನಾಶಿನಿ ಊರಿನಿಂದ ತದಡಿಗೆ ದಾಟಿಸಿದ ದೋಣಿಯವರನ್ನು ನೆನೆಯಲೇಬೇಕು. ಹತ್ತುವಾಗ ಕೈ ಕೊಟ್ಟರು, ಇಳಿಯುವಾಗ ಹೆಗಲನ್ನೇ ಕೊಟ್ಟರು. ಅಣೆಕಟ್ಟು ಕಾಣದ ಈ ಅಘನಾಶಿನಿ ಹೊಳೆ ಅಳಿವೆಯಲ್ಲಿ ಅಗಲವಾಗಿ ಹರಡಿ ಶಾಂತವಾಗಿ ಕಂಡರೂ ಇಳಿತದ ಸೆಳೆತ ಜೋರು, ಎಲ್ಲಿಯೂ ಕಾಲಿಟ್ಟು ದಾಟುವ ಯೋಚನೆ ಬೇಡ. ಇಳಿತದಲ್ಲಿ ಮೆಟ್ಟಿಲಿನ ಕೆಳಭಾಗ ಕೆಸರಾಗಿರುತ್ತದೆ, ಕೋಲು ಮಡಚಿ ಎರಡೂ ಕೈ ಖಾಲಿ ಇಟ್ಟುಕೊಳ್ಳಿ. ದಂಡೆಯಲ್ಲಿ ಸಿಗುವ ಸಣ್ಣ ಹಳ್ಳಗಳ ಮಾತು ಬೇರೆ: ಕಡಲ ಹತ್ತಿರ ನೀರು ಅಗಲವಾಗಿ ಹರಡಿದಲ್ಲಿ ದಾಟಿ, ಚೀಲದ ಸೊಂಟಪಟ್ಟಿ ಬಿಚ್ಚಿರಿ.

ಬೆಳೇಕಾನ ದಾಟಿದ ಮೇಲೆ ಓಂ ಕಡಲತೀರದವರೆಗೆ ನೀರು ಸಿಗುತ್ತದೆಂದು ನಂಬಿ ಹೊರಡಬೇಡಿ, ಬಾಟಲಿ ತುಂಬಿಸಿಕೊಳ್ಳಿ. ಪ್ಯಾರಡೈಸ್, ಹಾಫ್ ಮೂನ್ ನಡುವಿನ ಗುಡ್ಡದ ದಾರಿಯಲ್ಲಿ ಜಂಬಿಟ್ಟಿಗೆಯ ಉರುಟು ಕಲ್ಲುಗಳು ಕಾಲಡಿ ಉರುಳುತ್ತವೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅಲ್ಲಿ ಪರಿಚಯವೂ ಇಲ್ಲದ ಕಾಲೇಜು ಹುಡುಗಿಯರು ಮುಂದೊಬ್ಬರು ಹಿಂದೊಬ್ಬರು ನಿಂತು, ಕಾಲಿಡುವ ಕಲ್ಲು ತೋರಿಸುತ್ತ ಇಳಿಸಿದರು. ಹೆಸರು ಕೇಳುವಷ್ಟರಲ್ಲಿ ಅವರು ಮುಂದೆ ಹೋಗಿಯಾಗಿತ್ತು. ಇದನ್ನು ಓದಿದರೆ, ಮಕ್ಕಳೇ, ನಮ್ಮಿಬ್ಬರ ಆಶೀರ್ವಾದ ನಿಮಗಿದೆ.