ಮಗಳಿಗೊಂದು ಪತ್ರ: ಮಾವನ ಬೈಕಿಗೆ ಯಾವ ಪೆಟ್ರೋಲು?

ಗದಗ

ಚಿ. ಗಿರಿಜಾಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ಮಾವ ಕೊಟ್ಟ ಸ್ಪ್ಲೆಂಡರಿಗೆ ಸಾದಾ ಪೆಟ್ರೋಲು ಹಾಕಿಸಬೇಕೋ, ಧಾರವಾಡದ ಪಂಪಿನ ಹುಡುಗರು ಒತ್ತಾಯಿಸುವ ‘ಪವರ್’ ಹಾಕಿಸಬೇಕೋ ಎಂದು ನೀನು ಕೇಳಿದ್ದೀ. ಸಾದಾ ಸಾಕು ಎಂದು ಫೋನಿನಲ್ಲಿಯೇ ಹೇಳಿ ಮುಗಿಸಬಹುದಾಗಿತ್ತು. ಆದರೆ ಕಾರಣ ತಿಳಿಯದೆ ಒಪ್ಪಿಕೊಳ್ಳುವ ಸ್ವಭಾವ ನಿನ್ನದಲ್ಲ, ಮತ್ತು ಇಷ್ಟು ವರ್ಷ ಪೆಟ್ರೋಲ್ ಪಂಪಿನ ಲೆಕ್ಕಪತ್ರ ನೋಡಿಕೊಂಡು ಬಂದಿರುವ ನನಗೆ ಈ ವಿಷಯದಲ್ಲಿ ಹೇಳುವುದು ಸ್ವಲ್ಪ ಹೆಚ್ಚೇ ಇದೆ. ಆದ್ದರಿಂದ ಬರೆಯುತ್ತಿದ್ದೇನೆ.

‘ಪವರ್ ಹಾಕಲೇನ್ರೀ ಅಕ್ಕಾರ, ಪಿಕಪ್ ಛಲೋ ಬರತೈತಿ’ ಎಂದು ನಾಜಲ್ ಹಿಡಿದ ಹುಡುಗ ಕೇಳುವಾಗ ಅವನಲ್ಲಿ ಮೋಸದ ಬುದ್ಧಿಯೇನೂ ಇರುವುದಿಲ್ಲ. ದುಬಾರಿ ಪೆಟ್ರೋಲು ಇಷ್ಟು ಲೀಟರ್ ಹೋಗಲೇಬೇಕೆಂದು ಅವನಿಗೆ ಮೇಲಿನವರ ತಾಕೀತು ಇರುತ್ತದೆ, ಮತ್ತು ತಾನು ಹೇಳುತ್ತಿರುವುದನ್ನು ಅವನೂ ನಂಬಿರುತ್ತಾನೆ. ಅವನ ನಂಬಿಕೆ ಹುಟ್ಟಿದ್ದು ಪಂಪಿನ ಮೇಲೆ ಬರೆದಿರುವ 95, 97, 100 ಎಂಬ ಅಂಕಿಗಳಿಂದ. ಅಂಕಿ ದೊಡ್ಡದಾದಷ್ಟೂ ಪೆಟ್ರೋಲಿನ ಶಕ್ತಿ ದೊಡ್ಡದು ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಆಕ್ಟೇನ್ ಎಂಬ ಆ ಅಂಕಿ ಅಳೆಯುವುದು ಶಕ್ತಿಯನ್ನಲ್ಲ. ಒತ್ತಡಕ್ಕೂ ಬಿಸಿಗೂ ಸಿಕ್ಕಿದ ಪೆಟ್ರೋಲು ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನು.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ; ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಕೈಗೆ ಬಿಸಿ ತಾಗುವುದಕ್ಕೆ ಇದೂ ಒಂದು ಕಾರಣ. ಇಂಜಿನ್ನಿನ ಸಿಲಿಂಡರಿನಲ್ಲಿಯೂ ಪಿಸ್ಟನ್ ಮೇಲೇರುತ್ತ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅದರ ಮೊದಲಿನ ಗಾತ್ರದ ಒಂಬತ್ತರಲ್ಲಿಯೋ ಹತ್ತರಲ್ಲಿಯೋ ಒಂದು ಪಾಲಿಗೆ ಒತ್ತುತ್ತದೆ, ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಮತ್ತು ಆ ಕಿಡಿಯಿಂದ ಹೊರಟ ಜ್ವಾಲೆ ಕ್ರಮವಾಗಿ ಹರಡುತ್ತ ಇಡೀ ಮಿಶ್ರಣವನ್ನು ಉರಿಸಬೇಕು. ಜ್ವಾಲೆ ಮೂಲೆಯನ್ನು ಮುಟ್ಟುವ ಮೊದಲೇ ಅಲ್ಲಿ ಉಳಿದಿದ್ದ ಮಿಶ್ರಣ ಒತ್ತಡ ತಾಳಲಾರದೆ ಒಮ್ಮೆಲೇ ಸಿಡಿದರೆ ಬರುವ ‘ಟಕ ಟಕ’ ಸದ್ದಿಗೆ ಮೆಕ್ಯಾನಿಕರು ನಾಕಿಂಗ್ ಎನ್ನುತ್ತಾರೆ. ಇದು ಬಹುಕಾಲ ಮುಂದುವರಿದರೆ ಪಿಸ್ಟನ್ ಹಾಳಾಗುತ್ತದೆ. ಈ ಸಿಡಿತವನ್ನು ತಡೆಯುವ ಗುಣಕ್ಕೆ ಅಳತೆ ಬೇಕೆಂದು 1926ರ ಸುಮಾರಿಗೆ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ಎರಡು ದ್ರವಗಳನ್ನು ಆರಿಸಿಕೊಂಡ: ಬಹಳ ತಡೆದುಕೊಳ್ಳುವ ಐಸೋ-ಆಕ್ಟೇನಿಗೆ 100, ಸ್ವಲ್ಪವೂ ತಡೆದುಕೊಳ್ಳದ ಹೆಪ್ಟೇನಿಗೆ 0. (ಆ ಹೆಪ್ಟೇನನ್ನು ಆಗ ಒಂದು ಜಾತಿಯ ಪೈನ್ ಮರದ ಅಂಟಿನಿಂದ ಬಟ್ಟಿ ಇಳಿಸುತ್ತಿದ್ದರಂತೆ, ನಿನ್ನ ಸಸ್ಯಶಾಸ್ತ್ರದ ಗೆಳತಿಗೆ ಹೇಳು.) 91 ಆಕ್ಟೇನಿನ ಪೆಟ್ರೋಲು ಎಂದರೆ, ನೂರರಲ್ಲಿ 91 ಪಾಲು ಐಸೋ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದ ದ್ರವದಷ್ಟೇ ತಡೆದುಕೊಳ್ಳುವಂಥದ್ದು ಎಂದರ್ಥ, ಅಷ್ಟೆ.

ಹೀಗಿರುವಾಗ ಯಾವ ಇಂಜಿನ್ನಿಗೆ ಎಷ್ಟು ಆಕ್ಟೇನ್ ಬೇಕೆಂಬುದು ಅದು ಮಿಶ್ರಣವನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಎಂಬುದರ ಮೇಲೆ ಮುಖ್ಯವಾಗಿ ನಿಂತಿದೆ. ಹನ್ನೆರಡು ಪಟ್ಟಿಗಿಂತ ಹೆಚ್ಚು ಒತ್ತುವ ಓಟದ ಬೈಕುಗಳಿಗೆ ಮೇಲಿನ ದರ್ಜೆಯ ಪೆಟ್ರೋಲಿನಿಂದ ಉಪಯೋಗ ಇರಬಹುದು. ಮಾವನ ಬೈಕು 97.2 ಸಿಸಿಯದು, ಗಾಳಿಯಿಂದಲೇ ತಣ್ಣಗಾಗುವಂಥದ್ದು, ಎಂಟು ಕುದುರೆ ಶಕ್ತಿಯ ಆಸುಪಾಸಿನದು. ಅದನ್ನು 91ರ ಸಾದಾ ಪೆಟ್ರೋಲಿಗೆಂದೇ ಕಟ್ಟಿದ್ದಾರೆ. 91ರಲ್ಲಿ ನಾಕಿಂಗ್ ಆಗದ ಇಂಜಿನ್ನಿಗೆ 95 ಹಾಕಿದರೆ, ಇಲ್ಲದ ಸಿಡಿತವನ್ನು ಇನ್ನಷ್ಟು ತಡೆದಂತಾಯಿತು. ನಾಕಿಂಗನ್ನು ಗ್ರಹಿಸಿ ಕಿಡಿಯ ಸಮಯವನ್ನು ತಾನೇ ಹಿಂದೆ ಮುಂದೆ ಮಾಡುವ ಸೆನ್ಸರ್ ಇರುವ ವಾಹನ ಹೆಚ್ಚಿನ ಆಕ್ಟೇನಿನಿಂದ ತುಸು ಲಾಭ ಪಡೆದೀತು. ಗಾಳಿಗೆ ಪೆಟ್ರೋಲು ಬೆರೆಸಿಕೊಡುವ ಕಾರ್ಬ್ಯುರೇಟರ್ ಇರುವ ಈ ಹಳೆಯ ಬೈಕಿಗೆ ಟ್ಯಾಂಕಿಗೆ ಬಿದ್ದದ್ದು ಯಾವ ದರ್ಜೆಯದೆಂದು ತಿಳಿಯುವ ಮಾರ್ಗವೇ ಇಲ್ಲ.

ಇಲ್ಲಿ ಇನ್ನೊಂದು ಮಾತು. ನೀನು ಫೋನಿನಲ್ಲಿ ನೋಡುವ ಅಮೆರಿಕದ ವಿಡಿಯೋಗಳಲ್ಲಿ ಸಾದಾ ಪೆಟ್ರೋಲು 87 ಎಂದಿರುವುದನ್ನು ಕಂಡು ನಮ್ಮದೇ ಮೇಲು ಎಂದು ತಿಳಿಯಬೇಡ. ಅಲ್ಲಿಯವರು ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ, ನಾವು ಅವುಗಳಲ್ಲಿ ಹೆಚ್ಚು ಅಂಕಿ ಕೊಡುವ ‘ರಾನ್’ ಎಂಬುದನ್ನಷ್ಟೇ ಬರೆಯುತ್ತೇವೆ. ಅಲ್ಲಿಯ 87 ಇಲ್ಲಿಯ 91ಕ್ಕೆ ಹೆಚ್ಚುಕಡಿಮೆ ಸಮ.

ಈಗ ಸಾದಾ ಪೆಟ್ರೋಲೇ ಬದಲಾಗಿದೆ ಎಂಬುದನ್ನು ಪಂಪಿನ ಹುಡುಗ ನಿನಗೆ ಹೇಳಿರಲಾರ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾವೇಶವೊಂದರಲ್ಲಿ ಪ್ರಧಾನಿಯವರು ಇ20, ಅಂದರೆ ನೂರರಲ್ಲಿ 20 ಪಾಲು ಎಥೆನಾಲ್ ಎಂಬ ಮದ್ಯಸಾರ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇಕಡಾ 20ನ್ನು ಮುಟ್ಟಿತು. ಕಬ್ಬಿನಿಂದಲೂ, ನಮ್ಮ ಹಾವೇರಿ ಕಡೆಯವರು ಬೆಳೆಯುವಂಥ ಗೋವಿನಜೋಳದಿಂದಲೂ ತಯಾರಾಗುವ ಎಥೆನಾಲಿನ ಆಕ್ಟೇನ್ 108ರ ಮೇಲಿದೆ. ಆದ್ದರಿಂದಲೇ, ಮೊದಲು 88 ಇದ್ದು ಆಮೇಲೆ 91 ಆಗಿದ್ದ ಸಾದಾ ಪೆಟ್ರೋಲಿನ ಆಕ್ಟೇನ್ ಇ20 ಬಂದ ಮೇಲೆ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಹಾಗಾದರೆ ಲೀಟರಿಗೆ ಹಲವು ರೂಪಾಯಿ ಹೆಚ್ಚು ಕೊಟ್ಟು 95ರ ಪೆಟ್ರೋಲು ಕೊಳ್ಳುವುದರ ಅರ್ಥವೇನೆಂದು ನೀನೇ ಯೋಚಿಸು. ಅದರಲ್ಲಿ ಇಂಜಿನ್ನಿನ ಒಳಭಾಗದ ಮಸಿಯನ್ನು ತೊಳೆಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಪ್ರತಿ ಸಲವೂ ಅದಕ್ಕಾಗಿ ತೆರುವ ಹಣವನ್ನು ಕೂಡಿಟ್ಟರೆ ವರ್ಷಕ್ಕೊಮ್ಮೆ ಕಾರ್ಬ್ಯುರೇಟರ್ ಬಿಚ್ಚಿಸಿ ಸ್ವಚ್ಛ ಮಾಡಿಸಿ, ಹೊಸ ಪ್ಲಗ್ಗನ್ನೂ ಏರ್ ಫಿಲ್ಟರನ್ನೂ ಹಾಕಿಸಬಹುದು, ಮತ್ತು ಈ ಬೈಕಿಗೆ ಹೆಚ್ಚು ಹಿತ ಅದರಿಂದಲೇ.

ನಿಜವಾಗಿ ನೀನು ಯೋಚಿಸಬೇಕಾದದ್ದು ಆಕ್ಟೇನಿನ ಕುರಿತಲ್ಲ, ಎಥೆನಾಲಿನ ಕುರಿತು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಾಖ ಒಂದು ಲೀಟರ್ ಪೆಟ್ರೋಲಿನಲ್ಲಿರುವುದರ ಮೂರನೇ ಎರಡು ಪಾಲು ಮಾತ್ರ. ಆಕ್ಟೇನ್ ಹೆಚ್ಚಿದ್ದೂ ಶಕ್ತಿ ಕಡಿಮೆಯಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20 ಬಳಸಿದರೆ ಮೈಲೇಜು ಶೇಕಡಾ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. ಲೀಟರಿಗೆ ಅರವತ್ತು ಕಿಲೋಮೀಟರ್ ಓಡುವ ಬೈಕಿನಲ್ಲಿ ಅದು ಎರಡು ಕಿಲೋಮೀಟರಿನ ಸುತ್ತಮುತ್ತ ಆಯಿತು. ಹುಬ್ಬಳ್ಳಿಗೆ ಹೋಗುವಾಗ ಎದುರುಗಾಳಿ ಬೀಸಿದರೂ ಅಷ್ಟು ವ್ಯತ್ಯಾಸ ಬಂದೀತು. ಆದ್ದರಿಂದ ಮೈಲೇಜಿನ ವಿಷಯದಲ್ಲಿ ನನಗೆ ದೊಡ್ಡ ಚಿಂತೆಯಿಲ್ಲ. ಚಿಂತೆ ಇರುವುದು ರಬ್ಬರಿನ ವಿಷಯದಲ್ಲಿ. 2023ರ ಏಪ್ರಿಲ್ ನಂತರದ ಬೈಕುಗಳಿಗೆ ಇ20 ತಾಳುವ ಪೈಪು, ಸೀಲುಗಳನ್ನು ಹಾಕಿರುತ್ತಾರೆ. ಮಾವನ ಬೈಕು 2014ರದು. ಅದರ ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ಓ-ರಿಂಗುಗಳು, ಬೌಲಿನ ಗ್ಯಾಸ್ಕೆಟ್ಟು ಎಥೆನಾಲಿನಿಂದ ಉಬ್ಬಲೂಬಹುದು, ಗಟ್ಟಿಯಾಗಿ ಬಿರುಕು ಬಿಡಲೂಬಹುದು. ಬಿರುಕು ಬಿಟ್ಟ ಪೈಪಿನಿಂದ ಪೆಟ್ರೋಲು ಬಿಸಿ ಇಂಜಿನ್ನಿನ ಮೇಲೆ ತೊಟ್ಟಿಕ್ಕುವುದು ಎಷ್ಟು ಅಪಾಯಕಾರಿ ಎಂಬುದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಈ ತೊಂದರೆಗೆ ‘ಪವರ್’ ಹಾಕಿಸುವುದು ಪರಿಹಾರವಲ್ಲ, ಏಕೆಂದರೆ ಬೆಲೆ ಹೆಚ್ಚಾದ ಮಾತ್ರಕ್ಕೆ ಅದರಲ್ಲಿ ಎಥೆನಾಲ್ ಇಲ್ಲವೆಂದು ತಿಳಿಯುವಂತಿಲ್ಲ. ಪೈಪು ಮತ್ತು ಸೀಲುಗಳನ್ನು ಒಮ್ಮೆ ಹೊಸದಾಗಿ ಹಾಕಿಸಿಬಿಡು. ಅವು ದುಬಾರಿ ಸಾಮಾನುಗಳಲ್ಲ.

ಎಥೆನಾಲಿನ ಇನ್ನೊಂದು ಗುಣ ನೀರನ್ನು ಸೆಳೆದುಕೊಳ್ಳುವುದು. ನೀರು ಒಂದು ಮಿತಿಯನ್ನು ಮೀರಿದರೆ ಎಥೆನಾಲು ಅದರೊಡನೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಮತ್ತು ಇಂಜಿನ್ನಿಗೆ ಮೊದಲು ಹೋಗುವುದು ತಳದಲ್ಲಿರುವುದೇ. ಗದಗಿನಲ್ಲಿ ಇದು ಅಷ್ಟು ಕಾಡುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಾಡಿಗೆ ಮನೆಯ ಅಂಗಳದಲ್ಲಿ ನಿಲ್ಲುವ ಬೈಕಿಗೆ ಕಾಡಬಹುದು. ಟ್ಯಾಂಕಿನ ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯೇ ನೋಡು, ಮತ್ತು ಮಳೆಗಾಲದಲ್ಲಿ ಟ್ಯಾಂಕನ್ನು ರಿಸರ್ವಿಗೆ ಇಳಿಸಿ ಓಡಿಸುವ ಅಭ್ಯಾಸವನ್ನು ಬಿಡು, ಏಕೆಂದರೆ ಖಾಲಿ ಜಾಗ ಹೆಚ್ಚಿದ್ದಷ್ಟೂ ತೇವದ ಗಾಳಿಗೆ ಆಸ್ಪದ ಹೆಚ್ಚು.

ಕರ್ನಾಟಕ ವಿಶ್ವವಿದ್ಯಾಲಯದ ಏರು ಹತ್ತುವಾಗ ಸದ್ದು ಬರುತ್ತದೆ ಎಂದು ನೀನು ಬರೆದಿದ್ದೀಯಲ್ಲ, ಅದಕ್ಕೂ ಪೆಟ್ರೋಲಿನ ದರ್ಜೆಯನ್ನು ಮೊದಲೇ ದೂರಬೇಡ. ಟಾಪ್ ಗೇರಿನಲ್ಲಿಯೇ ನಿಧಾನವಾಗಿ ಏರು ಹತ್ತಿಸಿದರೆ, 91 ಇರಲಿ, 100 ಇರಲಿ, ಸಣ್ಣ ಇಂಜಿನ್ನು ಗೋಳಾಡದೆ ಇರದು. ಎರಡನೆಯ ಗೇರಿಗೆ ಇಳಿಸಿ ನೋಡು. ಆಗಲೂ ಸದ್ದು ಉಳಿದರೆ ಪಿಸ್ಟನ್ನಿನ ತಲೆಯ ಮೇಲೆ ಮಸಿ ಕಟ್ಟಿರಬಹುದು, ಸರಿಯಲ್ಲದ ಪ್ಲಗ್ ಹಾಕಿರಬಹುದು, ಅಥವಾ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿರಬಹುದು. ಇವನ್ನೆಲ್ಲ ಮೆಕ್ಯಾನಿಕ್ ಅರ್ಧ ದಿನದಲ್ಲಿ ಸರಿಮಾಡಿಕೊಡುತ್ತಾನೆ.

ಒಂದು ಪಂಪಿನಲ್ಲಿ ಹಾಕಿಸಿದ ಬೆನ್ನಿಗೇ ಸದ್ದು ಆರಂಭವಾದರೆ ಮಾತ್ರ ಪೆಟ್ರೋಲಿನ ಮೇಲೆ ಅನುಮಾನ ಪಡಬೇಕು. ಸೀಮೆಎಣ್ಣೆಯಂಥದ್ದು ಬೆರೆತರೆ ಆಕ್ಟೇನ್ ಇಳಿಯುತ್ತದೆ. ಇದು ನನ್ನ ಕಸುಬಿನ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಫಿಲ್ಟರ್ ಕಾಗದದ ಪರೀಕ್ಷೆಯನ್ನು ಕೇಳುವ ಹಕ್ಕು ಪ್ರತಿಯೊಬ್ಬ ಗಿರಾಕಿಗೂ ಇದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಾಜಲ್ಲಿನ ತುದಿಯನ್ನು ಒರೆಸಿ ಕಾಗದದ ಮೇಲೆ ಒಂದು ಹನಿ ಬೀಳಿಸಿದರೆ, ಶುದ್ಧ ಪೆಟ್ರೋಲು ಎರಡು ನಿಮಿಷದೊಳಗೆ ಕಲೆಯಿಲ್ಲದೆ ಆರಿಹೋಗುತ್ತದೆ. ಅದರಿಂದಲೂ ಸಮಾಧಾನವಾಗದಿದ್ದರೆ ಸಾಂದ್ರತೆಯನ್ನು ತೋರಿಸಲು ಕೇಳು: ಗಾಜಿನ ಜಾರಿನಲ್ಲಿ ಹೈಡ್ರೋಮೀಟರ್ ತೇಲಿಬಿಟ್ಟು ಓದಿದ ಅಂಕಿಯನ್ನು 15 ಡಿಗ್ರಿ ಉಷ್ಣತೆಗೆ ಹೊಂದಿಸಿದಾಗ, ಟ್ಯಾಂಕರಿನ ಚಲನ್ನಿನಲ್ಲಿ ಬರೆದಿರುವ ಅಂಕಿಗೂ ಇದಕ್ಕೂ ಘನಮೀಟರಿಗೆ 3 ಕಿಲೋಗ್ರಾಮಿಗಿಂತ ಹೆಚ್ಚು ಅಂತರ ಇರಬಾರದು. ‘ಮ್ಯಾನೇಜರ್ ಸಾಹೇಬ್ರು ಇಲ್ರೀ’ ಎಂಬ ಉತ್ತರ ಬಂದರೆ ಕಾಯುತ್ತೇನೆಂದು ಹೇಳಿ ಅಲ್ಲಿಯೇ ನಿಲ್ಲು. ಸಾಮಾನ್ಯವಾಗಿ ಐದು ನಿಮಿಷದಲ್ಲಿ ಸಾಹೇಬರು ಎಲ್ಲಿಂದಲಾದರೂ ಬರುತ್ತಾರೆ.

ಮೆಕ್ಯಾನಿಕ್ಕಿನ ಹತ್ತಿರ ಹೋದಾಗ ಪೆಟ್ರೋಲ್ ಪೈಪು, ಬೌಲ್ ಗ್ಯಾಸ್ಕೆಟ್ಟು, ಓ-ರಿಂಗುಗಳು ಮತ್ತು ಕಾಕಿನ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯ) ಒಳಗಿನ ವಾಷರು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗು, ಮತ್ತು ಹಾಕುವ ಮೊದಲು ಅವು ಇ20 ತಾಳುವಂಥವೇ ಎಂದು ಕೇಳು. ಟ್ಯಾಂಕಿನ ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ ತೋರಿಸಲು ಹೇಳು; ಅಡಿಯಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನು ಪೂರ್ತಿ ಖಾಲಿಮಾಡಿಸಿ ಒಣಗಿಸಬೇಕು. ಪಂಚಮಿಗೆ ನೀನು ಬಸ್ಸಿನಲ್ಲಿಯೇ ಬರುವುದಾದರೆ, ಹೊರಡುವ ಹಿಂದಿನ ದಿನ ಟ್ಯಾಂಕು ತುಂಬಿಸಿ, ಕಾಕ್ ಬಂದ್ ಮಾಡಿ, ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನು ಬರಿದು ಮಾಡಿ ಇಟ್ಟು ಬಾ. ತುಂಬಿಸುವುದು ಸಾದಾ ಪೆಟ್ರೋಲೇ ಇರಲಿ.

ನಿನ್ನ ಅವ್ವ