ಮದುವೆಗೆ ಬರಲಾರೆನೆಂದ ಮಗಳಿಗೆ

ಮೈಸೂರು

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಗೆಳತಿಯ ಮದುವೆಗೆ ಬರುವುದಿಲ್ಲವೆಂದು ಹೇಳಿ ನಿನ್ನೆ ರಾತ್ರಿ ನೀನು ಫೋನ್ ಇಟ್ಟುಬಿಟ್ಟೆ; ಅದಕ್ಕಾಗಿ ಬರೆಯುತ್ತಿದ್ದೇನೆ. ನಿಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕತ್ವದ ವಿಷಯದಲ್ಲಿ ನಿಮ್ಮಿಬ್ಬರ ನಡುವೆ ನಡೆದದ್ದನ್ನು ಮತ್ತೆ ಕೆದಕುವುದಿಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ 2000ದಲ್ಲಿ ಪೋರ್ಟ್‌ಲೆಂಡ್ ವಿರುದ್ಧ ಲೇಕರ್ಸ್ ತಂಡ ಆಡಿದ ಸರಣಿಯ ನಿರ್ಣಾಯಕ ಏಳನೆಯ ಪಂದ್ಯದ ಆ ತುಣುಕನ್ನು ನೀವಿಬ್ಬರೂ ನಮ್ಮ ಹಜಾರದಲ್ಲಿ ಕುಳಿತು ಎಷ್ಟು ಸಲ ನೋಡಿದ್ದೀರಿ! ಕೊನೆಯ ಕ್ವಾರ್ಟರ್‌ನಲ್ಲಿ 15 ಅಂಕ ಹಿಂದಿದ್ದ ಲೇಕರ್ಸ್ ಮುನ್ನಡೆ ಸಾಧಿಸಿರುತ್ತದೆ. ಎದುರಾಳಿಯನ್ನು ದಾಟಿ ನುಗ್ಗಿದ ಕೋಬಿ ಬ್ರಯಾಂಟ್, ಚೆಂಡನ್ನು ತಾನೇ ಹಾಕದೆ ರಿಂಗಿನ ಬಳಿ ಎತ್ತರಕ್ಕೆ ತೇಲಿಬಿಡುತ್ತಾನೆ. ಅವನ ತಂಡದವನೇ ಆದ ಶಕೀಲ್ ಓನೀಲ್ ಅದನ್ನು ಗಾಳಿಯಲ್ಲೇ ಒಂದು ಕೈಯಲ್ಲಿ ಹಿಡಿದು ಬುಟ್ಟಿಗೆ ಅಪ್ಪಳಿಸುತ್ತಾನೆ. ನಮ್ಮಲ್ಲೂ ಹಾಗೆಯೇ: ನೀನು ಆಟ ಕಟ್ಟಿ ಚೆಂಡು ಹಂಚುವ ಪಾಯಿಂಟ್ ಗಾರ್ಡ್, ಅವಳು ಬುಟ್ಟಿಯ ಬಳಿ ಆಡುವ ಸೆಂಟರ್. ನೀನು ಆ ಕಡೆ ನೋಡದೆಯೇ ಎಸೆದ ಚೆಂಡು ಅವಳ ಕೈ ಸೇರುತ್ತಿದ್ದುದನ್ನು ಕಂಡು ನನ್ನೆದೆ ಉಬ್ಬುತ್ತಿತ್ತು.

ಸತತ ಮೂರು ವರ್ಷ ಚಾಂಪಿಯನ್ನರಾದ ಆ ಇಬ್ಬರೂ, ತಂಡ ಯಾರದೆಂಬ ಹಟಕ್ಕೆ ಬಿದ್ದು ಪತ್ರಕರ್ತರ ಮುಂದೆಯೇ ಪರಸ್ಪರ ದೂರಿಕೊಂಡರು. 2004ರಲ್ಲಿ ಡೆಟ್ರಾಯಿಟ್ ಎದುರು ಫೈನಲ್ ಸೋತ ಬೆನ್ನಲ್ಲೇ ಓನೀಲ್ ಮಯಾಮಿ ತಂಡಕ್ಕೆ ಹೋದ. ಅವನು 2006ರಲ್ಲಿ ಅಲ್ಲಿ ಗೆದ್ದ. ಕೋಬಿ 2009 ಮತ್ತು 2010ರಲ್ಲಿ ಲೇಕರ್ಸ್‌ನಲ್ಲೇ ಗೆದ್ದ. ಜಗಳದಲ್ಲಿ ಯಾರು ಸರಿಯೆಂಬುದು ಆ ಗೆಲುವುಗಳಿಂದಲೂ ತೀರ್ಮಾನವಾಗಲಿಲ್ಲ. ಮುಂದೆ ಅವರು ರಾಜಿಯಾದದ್ದು ನಿಜ. ಆದರೂ 2020ರ ಜನವರಿ 26ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ಕೋಬಿ ಮಗಳೊಂದಿಗೆ ತೀರಿಕೊಂಡ ಮೇಲೆ, ಅವನೊಡನೆ ಕೊನೆಯದಾಗಿ ಒಂದು ಮಾತನಾಡಲು ಆಗಲಿಲ್ಲವೆಂದು ಓನೀಲ್ ಟಿ.ವಿ.ಯಲ್ಲಿ ಕಣ್ಣೀರಿಟ್ಟ. ಅಪಘಾತದ ದಿನ ಬೆಳಿಗ್ಗೆಯಷ್ಟೇ ಕೋಬಿ, ಓನೀಲನ ಮಗ ಶರೀಫ್‌ನ ಕ್ಷೇಮ ವಿಚಾರಿಸಿ ಸಂದೇಶ ಕಳಿಸಿದ್ದ.

ಆ ಸಂದೇಶವೇ ನನ್ನ ತಲೆ ಕೊರೆಯುತ್ತಿದೆ. ಏಕೆಂದರೆ ಲಗ್ನಪತ್ರಿಕೆ ಕೊಡಲು ಬಂದಿದ್ದ ನಿನ್ನ ಗೆಳತಿ, ನಿಮ್ಮಮ್ಮ ಕೊಟ್ಟ ಅರಿಶಿನ ಕುಂಕುಮ ತೆಗೆದುಕೊಂಡು ಹೊರಟವಳು, ಚಪ್ಪಲಿ ಮೆಟ್ಟುತ್ತಾ, “ಅಂಕಲ್, ಅವಳ ಮಂಡಿನೋವು ಈಗ ಹೇಗಿದೆ?” ಎಂದು ಕೇಳಿದಳು. ನೀವು ಮಾತು ಬಿಟ್ಟ ಮೇಲೂ ನಿನ್ನ ಮಂಡಿಯ ಚಿಂತೆ ಅವಳಿಗಿದೆ. ಆಟದ ಹಟವನ್ನು ಅಂಕಣದಲ್ಲೇ ಬಿಟ್ಟು ಬರಬೇಕು, ದೊಡ್ಡವಳಾದ ನೀನೇ ಒಂದು ಹೆಜ್ಜೆ ಮುಂದಿಡಬೇಕು. ಇದು ಉಪದೇಶವೆನಿಸಿದರೆ ಕ್ಷಮಿಸು, ನೀವಿಬ್ಬರೂ ಒಟ್ಟಿಗೆ ಬೆಳೆದದ್ದನ್ನು ನೋಡಿದವನ ಸಂಕಟವಿದು.

ಧಾರೆ ಬರುವ ಭಾನುವಾರ ಬೆಳಿಗ್ಗೆ. ಮನಸ್ಸಿಲ್ಲದಿದ್ದರೆ ಬರಬೇಡ, ನಾವಿಬ್ಬರೂ ಹೋಗಿ ಅಕ್ಷತೆ ಹಾಕಿ ಬರುತ್ತೇವೆ. ಆದರೆ ಅವಳ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ. ನೀನೇ ಫೋನ್ ಮಾಡಿ ಹೇಳು.

ಇಂತಿ ನಿನ್ನ,
ಅಪ್ಪ